ಚೆಕಿಂಗ್‌ನವರು ಹೇಳಿ ಬರುವುದಿಲ್ಲ

ಹಣೆಗೆ ಅಂಟಿಸಿದ್ದ ಒಂದು ರೂಪಾಯಿ ಮೂರನೇ ಸಲ ಜಾರಿ ಮಹಾದೇವಯ್ಯನ ತೊಡೆಯ ಮೇಲೆ ಬಿತ್ತು.

“ವಿಭೂತಿಗೆ ಇನ್ನೊಂಚೂರು ನೀರು ಹಾಕಿ ಕಲಸವ್ವ,” ಎಂದಳು ಪಕ್ಕದ ಮನೆಯ ಮುದುಕಿ. “ಮಲಗ್ಸಿರೋ ಹೆಣ ಆದ್ರೆ ಕಾಸು ಸುಮ್ಕೆ ನಿಲ್ತದೆ. ನಿಮ್ಮೋರು ಕೂರಿಸ್ತೀರ, ಜಾರ್ತದೆ.”

“ಮೂವತ್ತು ವರ್ಷ ಬಸ್ಸಲ್ಲಿ ಬರೀ ಚಿಲ್ಲರೆ ಎಣಿಸಿದ್ನಲ್ಲ, ಸಾಕಾಗೋಗದೆ ಬುಡು ಅವನಿಗೆ,” ಎಂದಳು ಇನ್ನೊಬ್ಬಳು. ಒಂದಿಬ್ಬರು ನಕ್ಕರು. ಆಮೇಲೆ ಮಹಾದೇವಯ್ಯನ ಹೆಂಡತಿ ಭದ್ರಮ್ಮನ ಮುಖ ನೋಡಿ ಬಾಯಿಗೆ ಸೆರಗು ಹಿಡಿದರು.

ಮಾಲಿನಿ ಕಾಸು ಎತ್ತಿಕೊಂಡಳು. ಅಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ, ಎದೆಗೊಂದು ಪಟ್ಟಿ, ಗದ್ದಕ್ಕೊಂದು ಪಟ್ಟಿ ಕಟ್ಟಿ ಕೂರಿಸಿದ್ದರು. ಎಡಗೈಯಲ್ಲಿ ಲಿಂಗ, ಕೊರಳಲ್ಲಿ ಚೆಂಡುಹೂವಿನ ಹಾರ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಅವಳು ಹೆಬ್ಬೆರಳಿನಿಂದ ನಾಲ್ಕನೇ ಸಲ ಕಾಸು ಒತ್ತುತ್ತಿದ್ದಾಗ ಮೊಬೈಲು ಬಡಿದುಕೊಂಡಿತು.

ಸದ್ದು ಬಂದದ್ದು ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿನಿಂದ. ನಿನ್ನೆ ಬೆಳಿಗ್ಗೆ ಗುಬ್ಬಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಪ್ರಾಣ ಹೋದಾಗ ಮೈಮೇಲಿದ್ದ ಅಂಗಿ ಅದು. ಮಾಲಿನಿ ಮೊಬೈಲು ತೆಗೆದು ನೋಡಿದಳು. ಹೆಸರಿಲ್ಲ. ನಂಬರು ನಮ್ಮ ಕಡೆಯದಲ್ಲ. ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಹತ್ತಿರ ನಿಂತು ಕಿವಿಗಿಟ್ಟುಕೊಂಡಳು.

ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಆರು ವರ್ಷ ಪ್ಯಾಕಿಂಗ್ ಮಾಡಿದ್ದ ಮಾಲಿನಿಗೆ ಬೈಗುಳದ ಸಮೇತ ಹಿಂದಿ ಅರ್ಥವಾಗುತ್ತಿತ್ತು. ಹಲೋ ಅನ್ನುವ ಮೊದಲೇ ಅವನು ಶುರು ಮಾಡಿದ್ದ. ಮಹಾದೇವಯ್ಯ, ಪಾರ್ಸೆಲ್ ಎಲ್ಲಿ? ನಿನ್ನೆಯೇ ಪೋಸ್ಟ್ ಮಾಡುತ್ತೇನೆ ಅಂದಿದ್ದೆ. ಇವತ್ತು ನಾಲ್ಕು ಗಂಟೆಯೊಳಗೆ ರಸೀದಿ ನಂಬರು ಕೊಡದಿದ್ದರೆ ಟೀಮು ನಿನ್ನ ಮನೆಗೆ ಬರುತ್ತೆ. ನಿನ್ನನ್ನೂ, ತುಮಕೂರಿನ ಆ ಕಂಪ್ಯೂಟರ್ ಅಂಗಡಿಯವನನ್ನೂ ಕೈಗೆ ಕೋಳ ಹಾಕಿ ಕರೆದುಕೊಂಡು ಹೋಗುತ್ತೆ.

ಅಪ್ಪ ಸತ್ತಿದ್ದಾರೆ ಅನ್ನಬೇಕಾಗಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಇಟ್ಟುಬಿಟ್ಟ.

ಗಂಟೆ ಹನ್ನೆರಡೂವರೆ. ಗುಣಿ ತೋಡುವವರು ಇನ್ನೂ ತೋಡುತ್ತಲೇ ಇದ್ದರು. ಕುಣಿಗಲ್ಲಿನಿಂದ ಸೋದರಮಾವ ಬರಬೇಕಾಗಿತ್ತು. ಪಾರ್ಸೆಲ್ಲು ಒಳಗೆ ಮಂಚದ ಕೆಳಗಿತ್ತು. ಬಿಳಿ ಕಾಡಾ ಬಟ್ಟೆಯಲ್ಲಿ ಸುತ್ತಿ, ದಬ್ಬಳದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಹಾಕಿದ್ದ ಗಂಟು. ನಿನ್ನೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಹೆಣದ ಜೊತೆ ಅದನ್ನೂ ತಂದುಕೊಟ್ಟಿದ್ದ. “ತೊಡೆ ಮೇಲೆ ಮಡಿಕೊಂಡು ಎರಡು ಕೈಯಲ್ಲೂ ತಬ್ಬಿಕೊಂಡಿದ್ರು ಕಣಮ್ಮ. ನಿದ್ದೆ ಅನ್ಕೊಂಡೆ. ತುಮಕೂರಿನ ಎರಡು ಬಸ್ಸು ಬಂದು ಹೋದ್ರೂ ಹತ್ಲಿಲ್ಲ, ಆಗ ಅನುಮಾನ ಬಂತು,” ಎಂದಿದ್ದ.

ಮಾಲಿನಿ ಬೀದಿ ಬಾಗಿಲಿಗೆ ಬಂದಳು. ಶಾಮಿಯಾನದ ಕೆಳಗೆ ಹಬೀಬ್ ಸಾಬ್ ಹೂವಿನವನ ಜೊತೆ ಜಗಳವಾಡುತ್ತಿದ್ದರು. ಮಹಾದೇವಯ್ಯ ಕಂಡಕ್ಟರಾಗಿದ್ದ ಬಸ್ಸಿಗೆ ಹದಿನೇಳು ವರ್ಷ ಡ್ರೈವರಾಗಿದ್ದವರು ಅವರು. ಪಕ್ಕದಲ್ಲಿ ಅವರ ತಂಗಿಯ ಮಗ ಶಾಬಾಜ್ ತಲೆಗೆ ಕರ್ಚೀಫು ಕಟ್ಟಿಕೊಂಡು ನಿಂತಿದ್ದ. ತುಮಕೂರಿನಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದವನು ಅವನೇ.

“ಮಾಮ, ಹಿತ್ಲಿಗೆ ಬನ್ನಿ. ಶಾಬಾಜಣ್ಣ, ನೀನೂ.”

ಫೋನಿನಲ್ಲಿ ಕೇಳಿದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಶಾಬಾಜ್ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಿದ್ದ.

“ನನ್ನ ಅಂಗಡಿ ಅಂದ್ನಾ? ಹೆಸರು ಹೇಳಿದ್ನಾ?”

“ಕಂಪ್ಯೂಟರ್ ಅಂಗಡಿಯೋನು ಅಂದ.”

“ಯಾವೋನ್ಲೇ ಅವ್ನು?” ಎಂದು ಹಬೀಬ್ ಸಾಬ್ ಕೂಗಿದರು. “ಸತ್ತೋರ ಮನೆಗೆ ಫೋನ್ ಮಾಡಿ ಕೋಳ ಅಂತಾನೆ! ಕೊಡು ಇಲ್ಲಿ, ಅವನಪ್ಪನ್ನ ಮಾತಾಡಿಸ್ತೀನಿ.”

“ಮಾಮೂ, ಮೆಲ್ಲಗೆ.” ಶಾಬಾಜ್ ತಲೆ ಎತ್ತಲಿಲ್ಲ. “ಅವ್ನು ಹೇಳ್ತಿರೋದ್ರಲ್ಲಿ ನಿಜಾನೂ ಐತೆ. ಅದೇ ಕಷ್ಟ.”

*

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ, ರಿಟೈರಾಗಿ ವರ್ಷವಾಗಿದ್ದ ಮಹಾದೇವಯ್ಯ ಒಂದು ಬಿಸ್ಕತ್ ಡಬ್ಬ ಹಿಡಿದುಕೊಂಡು ಶಾಬಾಜನ ಬ್ರೌಸಿಂಗ್ ಸೆಂಟರಿಗೆ ಬಂದಿದ್ದ. ಡಬ್ಬದ ತುಂಬ ನಾಣ್ಯ. ತೂತಿನ ಕಾಸು, ರಾಜನ ತಲೆಯ ಕಾಸು, ಆನೆಯ ಚಿತ್ರದ ತಾಮ್ರದ ಕಾಸು. ಬಸ್ಸಿನಲ್ಲಿ ಮುದುಕಿಯರು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟದ್ದು, ಸಂತೆಯಲ್ಲಿ ಪಾತ್ರೆಯವರ ಹತ್ತಿರ ಕೊಂಡದ್ದು. ಬ್ಯಾಗಿನಿಂದ ಒಂದು ತೆಗೆದರೆ ಅಷ್ಟೇ ಬೆಲೆಯದು ತನ್ನ ಜೇಬಿನಿಂದ ಹಾಕಿ ತೆಗೆದದ್ದು.

“ಫಾರಿನ್ನೋರು ತಗೋತಾರಂತಲ್ಲಪ್ಪ?”

“ತಗೋತಾರೆ ಚಾಚಾ. ಟೋಪಿನೂ ಹಾಕ್ತಾರೆ. ಹುಷಾರಾಗಿರ್ಬೇಕು.”

ಶಾಬಾಜ್ ಒಂದೊಂದಾಗಿ ಹೇಳಿದ. ಮಹಾದೇವಯ್ಯ ಹಳೇ ಟಿಕೆಟ್ ಪುಸ್ತಕದ ರಟ್ಟಿನ ಹಿಂದೆ ಬರೆದುಕೊಂಡ. ಬರೆದುಕೊಳ್ಳುವಾಗ ಎಲ್ಲವನ್ನೂ ಬಸ್ಸಿಗೆ ತಿರುಗಿಸಿಕೊಂಡ. ದುಡ್ಡು ಕೈಗೆ ಬರುವ ಮುಂಚೆ ನಾಣ್ಯ ಕಳಿಸಬೇಡ ಅಂದರೆ, “ಟಿಕೆಟ್ ಹರೀದೆ ರೈಟ್ ಅನ್ಬಾರ್ದು.” ನಾಣ್ಯ ಮಾರುವ ವೆಬ್‌ಸೈಟಿನ ಹೊರಗೆ ವ್ಯವಹಾರ ಕುದುರಿಸುವವನನ್ನು ನಂಬಬೇಡ ಅಂದರೆ, “ಸ್ಟಾಪಿಲ್ಲದ ಕಡೆ ಕೈ ಅಡ್ಡ ಹಾಕೋನು.” ಕಳಿಸುವ ಮುಂಚೆ ನಾಣ್ಯದ ಎರಡು ಮುಖದ್ದೂ ಫೋಟೋ ತೆಗಿ, ತೂಕ ಬರೆದಿಡು, ಇಲ್ಲದಿದ್ದರೆ ನಕಲಿ ವಾಪಸ್ ಕಳಿಸಿ ಇದೇ ನೀನು ಕಳಿಸಿದ್ದು ಅನ್ನುತ್ತಾರೆ ಅಂದದ್ದಕ್ಕೆ ಮಹಾದೇವಯ್ಯ ನಕ್ಕೇಬಿಟ್ಟ. “ಹರಿದ ನೋಟು ಬದಲಾಯಿಸಿ, ನೀನೇ ಕೊಟ್ಟೆ ಅನ್ನೋರು. ಗುಬ್ಬಿ ಸಂತೆ ದಿನ ಹತ್ತು ಜನ ಸಿಗ್ತಿದ್ರು ಕಣೋ!”

ನಾಲ್ಕು ತಿಂಗಳು ಸುಸೂತ್ರ ನಡೆಯಿತು. ಹದಿನೈದು ಇಪ್ಪತ್ತು ನಾಣ್ಯ ಹೋದವು. ಲಂಡನ್ ಹತ್ತಿರದ ಕೋಲ್ಮನ್ ಅನ್ನುವವನು ಮೂರು ಆನೆ ಕಾಸು ಕೊಂಡ, ದುಡ್ಡು ಸರಿಯಾಗಿ ಕೊಟ್ಟ. ನಾಲ್ಕನೆಯ ಸಲ ಡಬ್ಬದ ನಾಣ್ಯವೆಲ್ಲ ತನಗೇ ಬೇಕು ಅಂದ. ಚೆಕ್ ಕಳಿಸಿದ. ಚೆಕ್ಕಿನಲ್ಲಿ ಕೇಳಿದ್ದಕ್ಕಿಂತ ಮೂರು ಪಟ್ಟು ಇತ್ತು. ತಪ್ಪಾಗಿದೆ, ಹೆಚ್ಚಿನದನ್ನು ನನ್ನ ಸಾಗಣೆಯವನ ಖಾತೆಗೆ ಬೇಗ ವಾಪಸ್ ಹಾಕು ಅಂತ ಮೇಲ್ ಬಂತು.

ಶಾಬಾಜ್ ಓದಿ ಹೇಳುವ ಮುಂಚೆಯೇ ಮಹಾದೇವಯ್ಯ ಕುರ್ಚಿಯಿಂದ ಎದ್ದಿದ್ದ. “ಚೆಕ್ಕು ಬ್ಯಾಂಕಲ್ಲಿ ಪಾಸಾಯ್ತು ಅಂತಾರೆ, ತಿಂಗಳು ಬಿಟ್ಟು ಖೋಟಾ ಅಂತ ವಾಪಸ್ ಬರ್ತದೆ. ಅಷ್ಟರಲ್ಲಿ ನನ್ನ ದುಡ್ಡು ಹೋಗಿರ್ತದೆ. ಹೆಚ್ಚಿಗೆ ಕೊಟ್ಟು ಚಿಲ್ಲರೆಗೆ ಅವಸರ ಮಾಡೋ ಗಿರಾಕಿ ಕಳ್ಳ. ನಂಗೆ ಇವ್ನು ಹೇಳ್ಕೊಡ್ತಾನಾ? ಹರಿದು ಹಾಕು!”

ಚೆಕ್ ಹರಿದರು. ಇಬ್ಬರೂ ಟೀ ಕುಡಿದರು. ಮಹಾದೇವಯ್ಯ ಅವತ್ತು ಗೆದ್ದವನ ಹಾಗೆ ಗುಬ್ಬಿ ಬಸ್ಸು ಹತ್ತಿದ.

ಎಂಟು ದಿನ ಬಿಟ್ಟು ಎರಡು ಸಾಲಿನ ಮೇಲ್ ಬಂತು. ನೂರು ವರ್ಷ ದಾಟಿದ ನಾಣ್ಯವನ್ನು ನಿನ್ನ ದೇಶದಿಂದ ಆಚೆ ಕಳಿಸುವುದು ಅಪರಾಧ, ನೀನು ಮೂರು ಕಳಿಸಿದ್ದೀಯ, ನಿನ್ನ ಸರ್ಕಾರಕ್ಕೆ ಬರೆದಿದ್ದೇನೆ ಅಂತ. ಶಾಬಾಜ್ ಹುಡುಕಿ ನೋಡಿದ. ಅಂಥ ಕಾನೂನು ಇತ್ತು. ಆನೆ ಕಾಸು ನೂರು ವರ್ಷದ ಮೇಲಿನದು. ಮೂರೂ ಪಾರ್ಸೆಲ್ಲಿನ ಮೇಲೆ ಕಳಿಸಿದವರ ವಿಳಾಸ ಅಂತ ಬ್ರೌಸಿಂಗ್ ಸೆಂಟರಿನ ಹೆಸರು, ಮಹಾದೇವಯ್ಯನ ಮೊಬೈಲ್ ನಂಬರು ಬರೆದಿದ್ದರು.

ಮರುವಾರ ಡೆಲ್ಲಿಯ ಸರ್ಕಾರಿ ಆಫೀಸಿನಿಂದ ಅಂತ ಮೊದಲನೇ ಫೋನು ಬಂತು.

*

“ಚಾಚಾ ಎರಡು ಸಲ ದಂಡ ಕಟ್ಟವ್ರೆ,” ಎಂದ ಶಾಬಾಜ್. “ನಂಗೆ ಹೇಳ್ದೆ ಕಟ್ಟವ್ರೆ. ಆಮೇಲೆ ಗೊತ್ತಾಯ್ತು. ಬೇಡ ಚಾಚಾ, ಇದೂ ಕೋಲ್ಮನ್ನಿನ ಕಡೆಯೋರೇ ಇರ್ಬೇಕು ಅಂದೆ. ಇರಬೇಕು ಅಂತೀಯಲ್ಲಪ್ಪ, ಅಲ್ಲದಿದ್ರೆ? ಅಂದ್ರು.”

“ಪೊಲೀಸಿಗೆ ಹೋಗಬೇಕಿತ್ತು ತಾನೇ?”

“ಹೋಗಿ ಏನಂತ ಹೇಳ್ಲಿ ಮಾಲಿನಿ? ಹಳೇ ನಾಣ್ಯ ಫಾರಿನ್ನಿಗೆ ಕಳಿಸಿದ್ವಿ, ಅದಕ್ಕೆ ಒಬ್ಬ ಹೆದರಿಸ್ತಾನೆ ಅಂತಾನಾ? ಈಗ ಎಲ್ಲಾದ್ರೂ ಪಟಾಕಿ ಢಂ ಅಂದ್ರೂ ನನ್ನ ಅಂಗಡಿ ರಿಜಿಸ್ಟರ್ ತಗೊಂಡು ಸ್ಟೇಷನ್ನಿಗೆ ಬಾ ಅಂತಾರೆ. ಹೋದ ತಿಂಗಳು ಎರಡು ಸಲ ಹೋಗಿ ಕೂತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ಸಂಜೆ ಹೆಸರು ಕರೀತಾರೆ. ಅದೂ ಬರೀ ಹೆಸರು ಕೇಳೋಕೆ.” ಅವನು ಬೆರಳಿನಿಂದ ಕಲ್ಲಿನ ಮೇಲಿನ ಸೋಪಿನ ಕರೆಯನ್ನು ಕೆರೆಯುತ್ತಿದ್ದ. “ಕೊನೇ ಸಲ ಬಂದಾಗ ಚಾಚಾ ಅಂದ್ರು, ದುಡ್ಡು ಮುಗೀತು, ಈಗ ನಾಣ್ಯ ಎಲ್ಲಾ ಸರೆಂಡರ್ ಮಾಡು ಅಂತವ್ರೆ, ಕೊಟ್ಬಿಡ್ತೀನಿ, ನಿನ್ನ ತಂಟೆಗೆ ಬರದಿದ್ರೆ ಸಾಕು ಅಂತ.”

ಹಬೀಬ್ ಸಾಬ್ ಫೋನಿಗೆ ಚಾಚಿದ್ದ ಕೈಯನ್ನು ಕೆಳಗಿಳಿಸಿದರು.

“ಅದಕ್ಕೇನಾ?” ಎಂದಿತು ಹಿಂದಿನಿಂದ ಒಂದು ದನಿ.

ಭದ್ರಮ್ಮ ಹಿತ್ತಲ ಬಾಗಿಲಿನಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ಮೂರು ತಿಂಗಳಿಂದ ಹಗಲೊತ್ತೇ ಅಗಳಿ ಹಾಕೋರು. ಬೀದೀಲಿ ಜೀಪಿನ ಸದ್ದಾದ್ರೆ ಸಾಕು, ಎದ್ದು ಹಿತ್ಲಿಗೆ ಹೋಗ್ಬುಡೋರು. ನಾನು ಸಕ್ಕರೆ ಕಾಯಿಲೆ ಅನ್ಕೊಂಡೆ ಕಣವ್ವ. ಮೆಂತ್ಯ ನೆನೆಹಾಕಿ ಕೊಡ್ತಿದ್ದೆ.”

ಹಂಡೆಯ ಮೇಲಿದ್ದ ಚೊಂಬನ್ನು ಎತ್ತಿಕೊಂಡಳು.

“ಕುಡೀತಿದ್ರು ಪಾಪ,” ಎಂದು ಅವಳು ಒಳಗೆ ಹೋದಳು.

ಒಂದೂವರೆಗೆ ಮಾಲಿನಿಯ ಸೋದರಮಾವ ಅಡವಿಯಪ್ಪ ಕುಣಿಗಲ್ಲಿನಿಂದ ಸ್ಕೂಟರಿನಲ್ಲಿ ಬಂದ. ಕುಣಿಗಲ್ಲಿನಲ್ಲಿ ಬೆಲ್ಲದ ಮಂಡಿ, ಮಠದ ಕಮಿಟಿಯಲ್ಲಿ ಮೆಂಬರು. ಭಾವನ ಕಾಲಿಗೆ ಬಿದ್ದ, ತಂಗಿಯನ್ನು ತಬ್ಬಿಕೊಂಡು ಅತ್ತ. ಭದ್ರಮ್ಮ ಅಳುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವನ ಅಳು ನಿಂತಿತು. ಮಾಲಿನಿಯನ್ನು ರೂಮಿಗೆ ಕರೆದು ಬಾಗಿಲು ಮುಂದೂಡಿದ.

“ಎಲ್ಲಿ ಅದು? ತೆಗಿ. ನಾನೇ ತುಮಕೂರು ಪೋಸ್ಟಾಫೀಸಿಗೆ ಹೋಗಿ ಹಾಕ್ಬಿಟ್ಟು ಬರ್ತೀನಿ. ಮುಕ್ಕಾಲು ಗಂಟೆ ದಾರಿ. ಪೀಡೆ ತೊಲಗ್ಲಿ.”

“ಅದು ಮೋಸ ಇರಬೋದು ಮಾವ.”

“ಇರಬೋದು! ಅಲ್ಲದೆಯೂ ಇರಬೋದು. ಹೆಣ ಎತ್ತೋ ಹೊತ್ತಿಗೆ ಜೀಪು ಬಂದು ಬಾಗಿಲಿಗೆ ನಿಂತ್ರೆ? ಬೆಂಚಿನ ಮೇಲೆ ಸತ್ತವ್ನೆ, ಅನುಮಾನ ಐತೆ, ಕೊಯ್ಯಿಸ್ಬೇಕು ಅಂತ ನಿಮ್ಮಪ್ಪನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ್ರೆ? ಮಠದೋರೆಲ್ಲ ಮುಂದೆ ಕೂತವ್ರೆ. ಆ ಸಾಬರ ಹುಡುಗನ್ನ ಇಲ್ಲೇ ಎಳ್ಕೊಂಡು ಹೋದ್ರೆ ಹಬೀಬಣ್ಣ ಏನಾಯ್ತಾನೆ ಯೋಚ್ನೆ ಮಾಡಿದ್ಯಾ?”

ಅದನ್ನೇ ಅವಳು ಯೋಚನೆ ಮಾಡುತ್ತಿದ್ದಳು. ಶಾಬಾಜನ ಬೆರಳು ಸೋಪಿನ ಕರೆ ಕೆರೆಯುತ್ತಿದ್ದದ್ದೇ ಕಣ್ಣಿಗೆ ಕಟ್ಟಿತ್ತು. ಮಂಚದ ಕೆಳಗೆ ಬಗ್ಗಿ ಪಾರ್ಸೆಲ್ಲನ್ನು ಎಳೆದಳು. ಎರಡು ಕೇಜಿ ಇರಬಹುದು. ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಡೆಲ್ಲಿಯ ಪೋಸ್ಟ್ ಬಾಕ್ಸ್ ನಂಬರು. ಮಾವನ ಕೈಗೆ ಕೊಟ್ಟಳು.

*

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ, ಅವರೆಕಾಯಿ ಕಾಲ. ಕುಣಿಗಲ್ಲಿನಿಂದ ಹುತ್ರಿದುರ್ಗಕ್ಕೆ ಹೋಗುವ ಬಸ್ಸು. ಚೀಲದ ಜೊತೆ ಹತ್ತಿದ ಒಬ್ಬ ಮುದುಕಿ ಟಿಕೆಟ್ಟಿಗೆ ಚಿಲ್ಲರೆ ಸುರಿದಳು. ರಶ್ಶಿನಲ್ಲಿ ಮಹಾದೇವಯ್ಯ ನೋಡದೆ ಬ್ಯಾಗಿಗೆ ಹಾಕಿಕೊಂಡ. ಅವಳು ಇಳಿದು ಹೋದ ಮೇಲೆ ಕೈಗೆ ಸಿಕ್ಕಿತು ದಪ್ಪ ತಾಮ್ರದ ಬಿಲ್ಲೆ. ಒಂದು ಕಡೆ ಸವೆದ ಆನೆ. ನಾಲ್ಕಾಣೆ ಅಂತ ಕೊಟ್ಟು ಹೋಗಿದ್ದಳು, ಕಣ್ಣು ಕಾಣದ ಮುದುಕಿ. ತನ್ನ ಜೇಬಿನ ನಾಲ್ಕಾಣೆ ಹಾಕೋಣ ಅಂತ ಕೈ ಹಾಕಿದ. ಅಷ್ಟರಲ್ಲಿ ತಿರುವಿನ ಹುಣಸೆ ಮರದ ಹಿಂದಿನಿಂದ ಮೂವರು ರಸ್ತೆಗೆ ಬಂದರು. ಚೆಕಿಂಗು.

ಚೆಕಿಂಗ್‌ನವರು ಹತ್ತಿದರೆ ಕಂಡಕ್ಟರಾದವನು ಮಾತಾಡಬಾರದು. ಬ್ಯಾಗನ್ನು ಕೊರಳಿನಿಂದ ತೆಗೆದು ಎರಡು ಕೈಯಲ್ಲಿ ಮುಂದೆ ಹಿಡಿಯಬೇಕು. ಮಹಾದೇವಯ್ಯ ಹಿಡಿದ. ಬ್ಯಾಗಿನಲ್ಲಿ ನಾಲ್ಕಾಣೆ ಕಡಿಮೆ, ಒಂದು ಹಾಳು ಬಿಲ್ಲೆ ಹೆಚ್ಚು.

“ಏನ್ರೀ ಇದು? ಮುದುಕೀರಿಗೆ ಟೋಪಿ ಹಾಕ್ತೀರಾ?”

ಬಸ್ಸಿನ ಐವತ್ತು ಮುಖ ಅವನನ್ನೇ ನೋಡಿದವು. ಅವನನ್ನು ಕೆಳಗಿಳಿಸಿ ರಸ್ತೆಯ ಪಕ್ಕ ನಿಲ್ಲಿಸಿ ಬರೆದುಕೊಂಡರು. ಖಾಲಿ ಬ್ಯಾಗನ್ನು ಚಾಚಿಕೊಂಡೇ ನಿಂತಿದ್ದ. ಹಬೀಬ್ ಸಾಬ್ ಡ್ರೈವರ್ ಸೀಟಿನಿಂದ ಹಾರಿ ಬಂದು, “ನಾಲ್ಕಾಣೆ ತಾನೇ, ತಗೊಳ್ರೀ ನಂದು ನಾಕು ರೂಪಾಯಿ, ಹೊಟ್ಟೆ ತುಂಬ್ತಾ?” ಎಂದು ಕೂಗಾಡಿ ತಾವೂ ಮೆಮೋ ತಿಂದರು.

ವಿಚಾರಣೆಯಾಯಿತು. ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟೆ. ಆದರೆ ಆಮೇಲೆ ಒಂದು ತಿಂಗಳು ಮಹಾದೇವಯ್ಯ ಡ್ಯೂಟಿ ಹತ್ತುವ ಮುಂಚೆ ಡಿಪೋದ ಗೋಡೆ ಹಿಂದೆ ವಾಂತಿ ಮಾಡಿಕೊಂಡು ಬರುತ್ತಿದ್ದ.

“ಬಿಸಾಕು ಆ ದರಿದ್ರ ಬಿಲ್ಲೇನ,” ಎಂದಿದ್ದರು ಹಬೀಬ್ ಸಾಬ್.

“ಆಗ್ತಿಲ್ಲ ಕಣೋ. ಅದನ್ನ ಕಂಡ್ರೆ ಹೆದ್ರಿಕೆ ಆಯ್ತದೆ. ಬಿಸಾಕಿದ್ರೆ ಎಲ್ಲೋಯ್ತು ಅಂತ ಕೇಳ್ತಾರೇನೋ ಅಂತ ಇನ್ನೂ ಹೆದ್ರಿಕೆ.”

ಡಬ್ಬಕ್ಕೆ ಬಿದ್ದ ಮೊದಲನೇ ಕಾಸು ಅದು. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಕೋಲ್ಮನ್ನಿಗೆ ಅದೊಂದನ್ನು ಕಳಿಸಿರಲಿಲ್ಲ.

*

ಅಡವಿಯಪ್ಪ ಪಾರ್ಸೆಲ್ಲನ್ನು ಸ್ಕೂಟರಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು ಕಿಕ್ಕರ್ ಒದ್ದ. ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಒದ್ದ.

ಹಬೀಬ್ ಸಾಬ್ ಶಾಮಿಯಾನದ ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಕಂಬ ಬಿಟ್ಟು ಬಂದು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡರು.

“ಇಳಿ.”

“ಬುಡಣ್ಣ, ಹೊತ್ತಾಯ್ತದೆ.”

“ಇಳೀಲಾ ಅಂದೆ! ಮಾಲಿನಿ, ಬಾರವ್ವ ಇಲ್ಲಿ. ಅವ್ನು ಎಷ್ಟು ಗಂಟೆ ಅಂದ?”

“ನಾಲ್ಕು.”

“ನಾಲ್ಕು ಗಂಟೆಗೆ ಟೀಮ್ ಬರ್ತದೆ ಅಂತ ಫೋನಲ್ಲಿ ಹೇಳ್ದ. ಅಲ್ವಾ? ಎಷ್ಟು ದಿನದಿಂದ ಹಿಂಗೆ ಹೇಳ್ತಾವ್ನೆ?”

“ಮೂರು ತಿಂಗಳಿಂದ,” ಎಂದ ಶಾಬಾಜ್.

“ನಾನು ಮೂವತ್ತೊಂದು ವರ್ಷ ಸ್ಟೇರಿಂಗ್ ಹಿಡಿದೀನಿ. ಚೆಕಿಂಗ್‌ನೋನು ಯಾವತ್ತಾದ್ರೂ ಹೇಳ್ಬಿಟ್ಟು ಬಂದವ್ನಾ? ಇವತ್ತು ಹುಣಸೆ ಮರದ ಹತ್ರ ಅಡಗಿಕೊಂಡಿರ್ತೀನಿ ಕಣಪ್ಪ, ನಾಲ್ಕು ಗಂಟೆಗೆ ಬಾ ಅಂತ ಒಬ್ಬನಾದ್ರೂ ಫೋನ್ ಮಾಡವ್ನಾ? ನಿಜವಾದ ಚೆಕಿಂಗು ಹೇಳಿ ಬರಲ್ಲ. ಹೇಳೋನು ಬರಲ್ಲ.” ಅವರ ದನಿ ಒಡೆಯಿತು. “ಇದು ಮಾದೇವಂಗೆ ಗೊತ್ತಿರಲಿಲ್ವಾ? ನಂಗಿಂತ ಚೆನ್ನಾಗಿ ಗೊತ್ತಿತ್ತು. ಬೋಳೀಮಗ, ಚೆಕಿಂಗ್ ಅಂದ ತಕ್ಷಣ ಬುದ್ಧಿ ಎಲ್ಲಾ ಮಡಚಿಟ್ಟು ಬ್ಯಾಗ್ ಕೈಗೆ ಕೊಟ್ಬುಟ್ಟ.”

“ಆಫೀಸಿನ ಹೆಸರೇ ಇಲ್ಲ ಇದರ ಮೇಲೆ,” ಎಂದ ಶಾಬಾಜ್, ಪಾರ್ಸೆಲ್ಲಿನ ವಿಳಾಸ ಓದುತ್ತ. “ಬರೀ ಬಾಕ್ಸ್ ನಂಬರು. ಕೊಳ್ಳೋನು ಯಾವನಾದ್ರೂ ಹಿಂಗೆ ವಿಳಾಸ ಕೊಟ್ಟಿದ್ರೆ ಚಾಚಾ ಮುಖಕ್ಕೆ ಉಗೀತಿದ್ರು.”

ಅಡವಿಯಪ್ಪ ಸ್ಕೂಟರಿನಿಂದ ಇಳಿದ. “ನೀನು ಹೇಳೋದು ಸರಿ ಇರಬೋದು ಹಬೀಬಣ್ಣ. ಆದ್ರೆ ಸರಿ ಇಲ್ಲದಿದ್ರೆ ಹೋಗೋನು ನಿನ್ನ ಅಳಿಯ.”

ಹಬೀಬ್ ಸಾಬ್ ಶಾಬಾಜನ ಕಡೆ ನೋಡಿದರು. ಮಾಲಿನಿಯೂ ನೋಡಿದಳು. ಅವನ ಮೇಲ್ದುಟಿಯ ಮೇಲೆ ಬೆವರಿತ್ತು. ಕರ್ಚೀಫು ಬಿಚ್ಚಿ ಒರೆಸಿಕೊಂಡ.

“ನಂಗೆ ಹೆದ್ರಿಕೆ ಐತೆ,” ಎಂದ. “ಇಲ್ಲ ಅನ್ನಲ್ಲ. ಆದ್ರೆ ಇದು ಕಳಿಸಿದ್ರೂ ನಾಳೆ ಮತ್ತೆ ಫೋನ್ ಬರ್ತದೆ ಮಾಲಿನಿ. ನಿಂಗೆ ಬರ್ತದೆ.”

ಅವಳು ಮಾವನ ಸ್ಕೂಟರಿನಿಂದ ಪಾರ್ಸೆಲ್ಲನ್ನು ಎತ್ತಿಕೊಂಡಳು. ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಒಳಗಿನಿಂದ ಕೂಗಿದರು, “ಹೊತ್ತು ಮೀರ್ತದೆ, ಎತ್ರಪ್ಪ.”

ಎತ್ತಿದರು. ಹೂವು ಕಟ್ಟಿದ ಕುರ್ಚಿಯಲ್ಲಿ ಮಹಾದೇವಯ್ಯ ಗುಬ್ಬಿಯ ಬೀದಿಯಲ್ಲಿ ಎಲ್ಲರಿಗಿಂತ ಎತ್ತರ ಕೂತು ಹೋದ. ಮುಂದೆ ನಂದಿಕೋಲು, ತಮಟೆ. ಹಿಂದೆ ಮಾಲಿನಿ. ಹೆಣ್ಣುಮಕ್ಕಳು ಮಣ್ಣಿಗೆ ಬರಬಾರದು ಅಂತ ಯಾರೋ ಅಂದರು. “ಗಂಡು ಮಗ ಇಲ್ಲದ ಮನೆ, ಅವಳು ಬರದೆ ನಿಮ್ಮಪ್ಪ ಬರ್ತಾನಾ?” ಎಂದು ಹಬೀಬ್ ಸಾಬ್ ಬಾಯಿ ಮುಚ್ಚಿಸಿದರು. ಅಡವಿಯಪ್ಪ ಪುರಿಯ ಜೊತೆ ಚಿಲ್ಲರೆ ಬೆರೆಸಿ ಎರಚುತ್ತಿದ್ದ. ಪ್ರತಿ ತಿರುವಿನಲ್ಲೂ ಒಂದು ಸಲ ಹಿಂತಿರುಗಿ ರಸ್ತೆ ನೋಡುತ್ತಿದ್ದ. ಅವನು ನೋಡಿದಾಗೆಲ್ಲ ಶಾಬಾಜ್ ನೋಡುತ್ತಿದ್ದ. ಶಾಬಾಜ್ ನೋಡಿದಾಗೆಲ್ಲ ಮಾಲಿನಿ ನೋಡುತ್ತಿದ್ದಳು. ಪಾರ್ಸೆಲ್ಲು ಅವಳ ಕಂಕುಳಲ್ಲಿತ್ತು. ಮನೆಯಲ್ಲಿ ಬಿಟ್ಟು ಬರಲು ಧೈರ್ಯ ಸಾಲದೆ ತಂದಿದ್ದಳು. ಹೆಜ್ಜೆ ಹೆಜ್ಜೆಗೂ ಒಳಗಿನ ಕಾಸು ಗಲಗಲ ಅನ್ನುತ್ತಿತ್ತು.

ಊರಾಚೆ ತುಮಕೂರು ರಸ್ತೆಯ ಪಕ್ಕದಲ್ಲೇ ಅವರ ಜನದ ರುದ್ರಭೂಮಿ. ಗುಣಿಗೆ ಇಳಿಸಿ ಕೂರಿಸುವ ಹೊತ್ತಿಗೆ ನಾಲ್ಕಕ್ಕೆ ಐದು ನಿಮಿಷ. ಐನೋರು ಮಂತ್ರ ಹೇಳಿ ಪತ್ರೆ ಹಾಕುತ್ತಿದ್ದರು. ಮಾಲಿನಿ ಮೊಬೈಲನ್ನು ಕೈಯಲ್ಲೇ ಹಿಡಿದಿದ್ದಳು. ನಾಲ್ಕಾಯಿತು. ನಾಲ್ಕೂ ಐದಾಯಿತು. ನಾಲ್ಕೂ ಆರಕ್ಕೆ ಬಡಿದುಕೊಂಡಿತು.

ನೆರೆದವರೆಲ್ಲ ತಿರುಗಿ ನೋಡಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಕಿವಿಗಿಟ್ಟುಕೊಂಡಳು. ರಸೀದಿ ನಂಬರ್ ಹೇಳು, ಎಂದಿತು ಅದೇ ದನಿ.

ಅವಳು ಮುರುಕು ಹಿಂದಿಯಲ್ಲಿ ಹೇಳಿದಳು. ನಾನು ಅವರ ಮಗಳು. ಟೀಮ್ ಕಳಿಸಿ ಸಾರ್. ಗುಬ್ಬಿ, ತುಮಕೂರು ರಸ್ತೆಯ ರುದ್ರಭೂಮಿ. ಅಪ್ಪ ಇಲ್ಲೇ ಗುಣಿಯೊಳಗೆ ಕೂತಿದ್ದಾರೆ. ಮಣ್ಣು ಹಾಕುವುದರೊಳಗೆ ಬಂದರೆ ಸಿಗುತ್ತಾರೆ.

ಆ ಕಡೆಯ ದನಿ ಸ್ವಲ್ಪ ಮೆತ್ತಗಾಯಿತು. ಸತ್ತರೂ ಕೇಸು ಸಾಯುವುದಿಲ್ಲ, ಇನ್ನು ನಿಮ್ಮ ಹೆಸರಿಗೆ ಬರುತ್ತೆ. ಹತ್ತು ಸಾವಿರ ಕಟ್ಟಿದರೆ ಮುಚ್ಚಿಸುತ್ತೇನೆ. ಐದಾದರೂ ಕಟ್ಟಿ.

ಮಾಲಿನಿ ಮೊಬೈಲಿನ ಹಿಂಬದಿ ಕಿತ್ತು ಬ್ಯಾಟರಿ ತೆಗೆದಳು.

“ಏನಂದ?” ಹಬೀಬ್ ಸಾಬ್ ಹತ್ತಿರ ಬಂದರು.

“ಹತ್ತು ಅಂದ. ಆಮೇಲೆ ಐದಕ್ಕಿಳಿದ.”

“ಚೌಕಾಸಿ ಮಾಡಿದ್ನಾ? ಅದರಲ್ಲಿ ಅಸಲಿ ನಕಲಿ ಗೊತ್ತಾಗಲ್ಲ ಕಣವ್ವ, ಅಸಲಿ ಆಫೀಸರ್‌ಗಳೂ ಮಾಡ್ತವೆ,” ಎಂದರು ಹಬೀಬ್ ಸಾಬ್. ನಗಿಸಲು ಹೇಳಿದರೋ ಏನೋ, ಅವರೇ ನಗಲಿಲ್ಲ. “ಆದ್ರೆ ಬರಲಿಲ್ಲ ನೋಡು. ನಾಲ್ಕು ಅಂದಿದ್ದ. ಬರಲಿಲ್ಲ.”

“ಅಮ್ಮಣ್ಣಿ, ಕಾಸು ಬಿತ್ತು,” ಎಂದರು ಗುಣಿಯೊಳಗಿನಿಂದ ಐನೋರು. “ಇನ್ನೊಂದಿದ್ರೆ ಕೊಡು. ಕೆಳಗೆಲ್ಲೋ ಪತ್ರೆಯಲ್ಲಿ ಸೇರ್ಕೊಂಡದೆ.”

ಅವಳು ಪಾರ್ಸೆಲ್ಲಿನ ಅರಗು ಕಿತ್ತಳು. ಹೊಲಿಗೆಯನ್ನು ಹಲ್ಲಿನಿಂದ ಹರಿದಳು. ಒಳಗಿನ ಡಬ್ಬದಲ್ಲಿ ಎಲ್ಲ ಕಾಸಿನ ಮೇಲೆ, ಬೇರೆಯಾಗಿ, ಹಳೇ ಬಸ್ ಟಿಕೆಟ್ಟಿನಲ್ಲಿ ಸುತ್ತಿಟ್ಟ ಬಿಲ್ಲೆ ಇತ್ತು. ಬಿಚ್ಚಿದಳು. ಆನೆ ಸವೆದು ಸೊಂಡಿಲು ಮಾತ್ರ ಉಳಿದಿತ್ತು.

“ಅದನ್ನ ಹಾಕ್ತೀಯಾ?” ಅಡವಿಯಪ್ಪ ಹತ್ತಿರ ಬಂದು ಪಿಸುಗುಟ್ಟಿದ. “ಲಕ್ಷ ಬಾಳೋದಂತಲ್ಲೇ?”

“ಎಲ್ಲಿ ಲಕ್ಷ ಬಿಡಿ ಅಡವಿಯಪ್ಪೋರೇ. ಮುನ್ನೂರು,” ಎಂದ ಶಾಬಾಜ್. “ಹೆಚ್ಚಂದ್ರೆ ನಾನ್ನೂರು. ಡಬ್ಬ ಪೂರ್ತಿ ಮಾರಿದ್ರೂ ಎಂಟು ಸಾವಿರ ದಾಟಲ್ಲ.”

ಅಡವಿಯಪ್ಪನ ಬಾಯಿ ತೆರೆದುಕೊಂಡೇ ಇತ್ತು. ಮಾಲಿನಿ ಗುಣಿಯ ಅಂಚಿನಲ್ಲಿ ಮಂಡಿಯೂರಿ ಬಿಲ್ಲೆಯನ್ನು ಐನೋರ ಕೈಗೆ ಕೊಟ್ಟಳು. ಅವರು ಒದ್ದೆ ವಿಭೂತಿ ಬಳಿದು ಅದನ್ನು ಮಹಾದೇವಯ್ಯನ ಹಣೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮುಖದ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟರು. ಬಿಲ್ಲೆ ನಿಂತಿತೋ ಬಿತ್ತೋ ಯಾರಿಗೂ ಕಾಣಲಿಲ್ಲ. ಮೊದಲನೇ ಮಂಕರಿ ಉಪ್ಪು ಬಿತ್ತು. ಆಮೇಲೆ ಮಣ್ಣು.

ಹಬೀಬ್ ಸಾಬ್ ಎರಡು ಬೊಗಸೆ ಹಾಕಿ ಹಿಂದೆ ಸರಿದರು. “ಹೋಗು ಮಾದೇವ. ಇನ್ನು ಯಾವನೂ ಹತ್ತಲ್ಲ ಬಸ್ಸಿಗೆ.”

ಆಗ ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂತು.

ಮಣ್ಣು ಎಳೆಯುತ್ತಿದ್ದವರ ಗುದ್ದಲಿ ಅಲ್ಲಲ್ಲೇ ನಿಂತವು. ಶಾಬಾಜ್ ಎರಡು ಹೆಜ್ಜೆ ಹಿಂದಕ್ಕಿಟ್ಟ. ಹಬೀಬ್ ಸಾಬರ ಕೈ ತನ್ನಷ್ಟಕ್ಕೆ ಎದೆಯ ಜೇಬಿಗೆ ಹೋಗಿ, ರಿಟೈರಾದ ಮೇಲೆ ಎಂದೂ ಇಟ್ಟುಕೊಳ್ಳದ ಲೈಸೆನ್ಸಿಗೆ ತಡಕಾಡಿತು. ಸದ್ದು ರುದ್ರಭೂಮಿಯ ಗೇಟಿನ ಹತ್ತಿರ ನಿಧಾನವಾಯಿತು. ಗೇರ್ ಬದಲಾಯಿಸಿದ ಸದ್ದು. ಬೇಲಿಯ ಸಂದಿಯಲ್ಲಿ ಹಸಿರು ಟಾರ್ಪಾಲಿನ ಹಳೇ ಜೀಪು ಕಂಡಿತು. ಹಿಂದೆ ವಸಂತನರಸಾಪುರದ ಕಟ್ಟಡ ಕೆಲಸದಿಂದ ಬರುತ್ತಿದ್ದ ಗಾರೆಯವರು ಬಾಣಲೆ ಇಟ್ಟುಕೊಂಡು ಕೂತಿದ್ದರು. ಹಳ್ಳ ದಾಟಿಸಿಕೊಂಡು ಮತ್ತೆ ವೇಗ ಹಿಡಿದು ಜೀಪು ಗುಬ್ಬಿಯ ಕಡೆ ಹೋಯಿತು.

ಗುದ್ದಲಿಗಳು ಮತ್ತೆ ಶುರುವಾದವು. ಯಾರೋ ಕೆಮ್ಮಿದರು. ಹಬೀಬ್ ಸಾಬ್ ಉಸಿರು ಬಿಟ್ಟು ಮಾಲಿನಿಯ ಕಡೆ ತಿರುಗಿದರು.

ಅವಳು ಅಪ್ಪನ ಗುಣಿಗೆ ಬೆನ್ನು ಹಾಕಿ, ಗೇಟಿಗೆ ಮುಖ ಮಾಡಿ ನಿಂತಿದ್ದಳು. ತಲೆ ತಗ್ಗಿಸಿದ್ದಳು. ಬಾಯಿ ತೆರೆದ ಡಬ್ಬವನ್ನು ಎರಡು ಕೈಯಲ್ಲೂ ಹಿಡಿದು ಮುಂದಕ್ಕೆ ಚಾಚಿದ್ದಳು. ಒಳಗೆ ಕಾಸುಗಳು ಸಣ್ಣಗೆ ಅದುರುತ್ತಿದ್ದವು.